ಮುಲಾಮು, ಲೈಟು, ಮಾತ್ರೆ, ಇಂಜೆಕ್ಷನ್: ನನ್ನ ಮೊಣಕೈಗೆ ಯಾವ್ದು ಹಿಡೀತು?

ಹನ್ನೊಂದು ವರ್ಷದಿಂದ ಸೋರಿಯಾಸಿಸ್ ಅನ್ನೋ ಚರ್ಮದ ಕಾಯಿಲೆ ಸಾಕ್ಕೊಂಡಿದೀನಿ. ಎಡ ಮೊಣಕೈ ಮೇಲೆ ಅಂಗೈ ಅಗಲದ ಕಲೆ, ಬೆಳಿಗ್ಗೆ ಎದ್ರೆ ಬೆಡ್‌ಶೀಟ್ ತುಂಬಾ ಹೊಟ್ಟು. ಅಂಟುರೋಗ ಅಲ್ಲ ಮಾರಾಯ್ರೇ, ರೋಗದ ವಿರುದ್ಧ ಕಾವಲಿಗಿರೋ ನಮ್ಮದೇ ಬಿಳಿ ರಕ್ತಕಣ, ಅಂದ್ರೆ ಟಿ ಸೆಲ್‌ಗಳ ಕಿತಾಪತಿ ಇದು. ಡೆಂಡ್ರಿಟಿಕ್ ಸೆಲ್ ಅನ್ನೋ ಇನ್ನೊಂದು ಥರದ ಕಾವಲು ಕಣಗಳು ಐಎಲ್-23 ಅನ್ನೋ ಸಂದೇಶದ ಪ್ರೋಟೀನ್ ಬಿಡ್ತವೆ, ಅದ್ರಿಂದ ಕೆರಳಿದ ಟಿಎಚ್-17 ಅನ್ನೋ ಜಾತಿಯ ಟಿ ಸೆಲ್‌ಗಳು ಐಎಲ್-17 ಅನ್ನೋ ಅಂಥದ್ದೇ ಪ್ರೋಟೀನ್ ಸುರಿಸ್ತವೆ, ತಿಂಗಳು ಹಿಡಿದು ಮೇಲೆ ಬಂದು ಉದುರಬೇಕಾದ ಚರ್ಮ ನಾಲ್ಕೈದು ದಿನಕ್ಕೇ ಬಂದು ರಾಶಿ ಬೀಳುತ್ತೆ.

ಮೊದಲು ಹಚ್ಚಿದ್ದು ಕ್ಲೋಬೆಟಾಸಾಲ್ ಮುಲಾಮು. ಸ್ಟೀರಾಯ್ಡು, ಸಿಕ್ಕ ಸೆಲ್‌ನೆಲ್ಲಾ ಒಟ್ಟಿಗೆ ಸುಮ್ನಾಗಿಸುತ್ತೆ. ಎರಡೇ ವಾರಕ್ಕೆ ನುಣ್ಣಗಾಯ್ತು, ನಾನೂ ಬುದ್ಧಿವಂತ ಅನ್ಕೊಂಡು ಡಾಕ್ಟ್ರನ್ನ ಕೇಳ್ದೆ ಮೆಡಿಕಲ್ ಶಾಪಿಂದ ತಂದು ತಂದು ಹಚ್ಚಿದೆ, ಕೊನೆಗೆ ಚರ್ಮ ಈರುಳ್ಳಿ ಸಿಪ್ಪೆ ಥರ ತೆಳ್ಳಗಾಯ್ತು, ನಿಲ್ಲಿಸಿದ ಮೇಲೆ ಕಲೆನೂ ವಾಪಸ್ ಬಂತು.

ಆಮೇಲೆ ಲೈಟು. ನ್ಯಾರೋಬ್ಯಾಂಡ್ ಯುವಿಬಿ, ಅಂದ್ರೆ 311 ನ್ಯಾನೋಮೀಟರ್ ಆಸುಪಾಸಿನ ಅಲ್ಟ್ರಾವಯೊಲೆಟ್ ಬೆಳಕು, ಚರ್ಮದೊಳಗಿನ ಟಿ ಸೆಲ್‌ಗಳು ಆ ಬೆಳಕಿಗೆ ಸಾಯ್ತವೆ. ವಾರಕ್ಕೆ ಮೂರು ಸಲ ಕನ್ನಡಕ ಹಾಕ್ಕೊಂಡು ಆ ಲೈಟಿನ ಡಬ್ಬಿಯೊಳಗೆ ನಿಲ್ಲಬೇಕು, ನಿಲ್ಲೋದು ಒಂದೆರಡು ನಿಮಿಷ, ಟ್ರಾಫಿಕ್ಕಲ್ಲಿ ಹೋಗಿ ಬರೋಕೆ ಎರಡು ಗಂಟೆ. ಅಮ್ಮ "ಇದೇನೋ ಹಿಂಗ್ ಕಪ್ಪಾಗಿದೀಯ" ಅಂದ್ಲು. ಆದ್ರೂ ಏಳು ತಿಂಗಳು ಕಲೆ ಇರ್ಲಿಲ್ಲ.

ಮೆಥೋಟ್ರೆಕ್ಸೇಟ್ ಮಾತ್ರೆ ಅಗ್ಗ, ಆದ್ರೆ ನಿಧಾನ, ನಂಗೆ ಹತ್ತಿರ ಮೂರು ತಿಂಗಳು ಹಿಡೀತು. ವಾರಕ್ಕೆ ಒಂದೇ ದಿನ, ತಪ್ಪಿ ದಿನಾ ನುಂಗಿದ್ರೆ ಜೀವಕ್ಕೇ ಕುತ್ತು, ಅದಕ್ಕೆ ಕ್ಯಾಲೆಂಡರಲ್ಲಿ ಭಾನುವಾರಕ್ಕೆಲ್ಲಾ ಕೆಂಪು ಗೀಟು ಹಾಕಿದ್ದೆ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ಲಿವರ್ ಟೆಸ್ಟು, ಎಣ್ಣೆ ಪಾರ್ಟಿ ಬಂದ್. ಸೋಮವಾರ ಬೆಳಿಗ್ಗೆ ಕಾಫಿ ವಾಸ್ನೆಗೇ ವಾಕರಿಕೆ.

ಸೆಕುಕಿನುಮಾಬ್ ಇಂಜೆಕ್ಷನ್ ಸೆಲ್ಲಿನ ತಂಟೆಗೇ ಹೋಗಲ್ಲ, ಆ ಸೆಲ್ಲು ಸುರಿಸೋ ಐಎಲ್-17ರ ಒಂದು ಬಗೆ, ಐಎಲ್-17ಎ, ಅದೊಂದನ್ನೇ ಹಿಡಿಯುತ್ತೆ. ಮೊದಲು ಟಿಬಿ ಟೆಸ್ಟು, ಆಮೇಲೆ ಐದು ಡೋಸ್ ವಾರವಾರ, ಮುಂದೆ ತಿಂಗಳಿಗೊಂದು. ಮೂರನೇ ವಾರಕ್ಕೆ ತುರಿಕೆ ಮಾಯ! ವೇಗದಲ್ಲಿ ಇದರ ಮುಂದೆ ಆ ಮಾತ್ರೆ ಏನೂ ಅಲ್ಲ, ರೇಟು ನೋಡಿದ್ರೆ ಮಾತ್ರ ಬೇರೆ ಥರ ತುರಿಕೆ ಶುರುವಾಗುತ್ತೆ. ನಮ್ಮ ಬೆಂಗಳೂರಿನ ಔಷಧ ಕಂಪನಿ ಬಯೋಕಾನ್ 2013ರಲ್ಲೇ ಇಟೊಲಿಜುಮಾಬ್ ಅನ್ನೋ ಇನ್ನೊಂದು ಔಷಧ ತಂದಿತ್ತು, ಟಿ ಸೆಲ್ ಮೇಲಿರೋ ಸಿಡಿ6 ಅನ್ನೋ ಪ್ರೋಟೀನ್ ಹಿಡಿಯೋದು, ಅದನ್ನ ನಾನು ತಗೊಂಡಿಲ್ಲ.

ದುಡ್ಡು ಸಾಲ್ದೆ ಇಂಜೆಕ್ಷನ್ ಬಿಟ್ಟೆ, ಮತ್ತೆ ಅದೇ ಮೊಣಕೈ, ಅದೇ ಆಕಾರ. ಕಲೆ ವಾಸಿಯಾದ್ರೂ ಆ ಜಾಗದಲ್ಲಿ ಹಳೇ ಜಗಳ ನೆನಪಿಟ್ಟುಕೊಳ್ಳೋ ಮೆಮೊರಿ ಟಿ ಸೆಲ್‌ಗಳು ಝಂಡಾ ಊರಿ ಕೂತಿರ್ತವಂತೆ, ನಾನು ತಗೊಂಡ ನಾಲ್ಕರಲ್ಲಿ ಒಂದೂ ಅವನ್ನ ಪೂರ್ತಿ ಎಬ್ಬಿಸಲಿಲ್ಲ. ಸದ್ಯ ನನ್ನ ಓಟು ಲೈಟಿಗೇ, ಸೋಮವಾರದಿಂದ ಮತ್ತೆ ಡಬ್ಬಿಯೊಳಗೆ.