ಓಪನ್‌ಸ್ಟ್ರೀಟ್‌ಮ್ಯಾಪ್: ನಡೆಯುವವರಿಗೆ ನಾನು ಕೊಡುವ ಮೊದಲ ಸಲಹೆ

ಓಪನ್‌ಸ್ಟ್ರೀಟ್‌ಮ್ಯಾಪ್ ಅಂದರೆ ಜನರೇ ಸೇರಿ ಮಾಡುವ, ಯಾರು ಬೇಕಾದರೂ ತಿದ್ದಬಹುದಾದ ಪ್ರಪಂಚದ ನಕ್ಷೆ. ಅದರಲ್ಲಿ ಇಲ್ಲದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ರಸ್ತೆಯಲ್ಲಿ ಈಗ ಟ್ರಾಫಿಕ್ ಎಷ್ಟಿದೆ ಅನ್ನೋದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಡೇಟಾದಲ್ಲಿ ಇರುವುದಿಲ್ಲ. ಮನೆ ನಂಬರ್ ಹಾಕಿ ಹುಡುಕಿದರೆ ಎಷ್ಟೋ ಕಡೆ ಸಿಗುವುದಿಲ್ಲ, ಯಾಕೆಂದರೆ ಅಲ್ಲಿನ ನಂಬರ್‌ಗಳನ್ನು ಇನ್ನೂ ಯಾರೂ ಸೇರಿಸಿಲ್ಲ. ಒಂದು ಕಡೆ ಮರಗಳೂ ಸಿಗುತ್ತವೆ, ಇನ್ನೊಂದು ಕಡೆ ದೊಡ್ಡ ರಸ್ತೆ ಬಿಟ್ಟರೆ ಏನೂ ಇಲ್ಲ.

ಆದರೂ ನಡೆದು ಹೋಗುವಾಗ ನಾನು ತೆರೆಯುವುದು ಇದನ್ನೇ. ಇದರ ಡೇಟಾ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಆ್ಯಪ್ ಹಾಕಿಕೊಂಡು ಬೇಕಾದ ಪ್ರದೇಶ ಇಳಿಸಿಕೊಂಡರೆ ಸಾಕು, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಕಾಲುದಾರಿ, ಮೆಟ್ಟಿಲು, ಕುಡಿಯುವ ನೀರಿನ ನಲ್ಲಿ, ಕೂರುವ ಬೆಂಚು, ಎಲ್ಲಕ್ಕೂ ಇದರಲ್ಲಿ ಜಾಗ ಇದೆ. ಆ ಬೆಂಚಿಗೆ ಬೆನ್ನು ಒರಗಿಸಲು ಆಗುತ್ತಾ ಅಂತ ಕೂಡ ಬರೆಯಬಹುದು! ಹೆಸರುಗಳನ್ನು ಕನ್ನಡದಲ್ಲೂ ಸೇರಿಸಬಹುದು.

ಇದು ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಡೇಟಾ ಬೇಕೆಂದರೆ ಆಗ ದುಡ್ಡು ಕೊಡಬೇಕಿತ್ತು, ಮೇಲೆ ಷರತ್ತುಗಳು ಬೇರೆ. ಹಾಗಿರುವಾಗ 2004ರಲ್ಲಿ ಅಲ್ಲಿನವರೇ ಆದ ಸ್ಟೀವ್ ಕೋಸ್ಟ್ ಈ ಯೋಜನೆ ಶುರು ಮಾಡಿದರು. ಜನ ಜಿಪಿಎಸ್ ಹಿಡಿದು ಸೈಕಲ್‌ನಲ್ಲಿ, ಕಾಲ್ನಡಿಗೆಯಲ್ಲಿ ಓಡಾಡಿ ಒಂದೊಂದೇ ರಸ್ತೆ ಗೆರೆ ಎಳೆದರು. 2010ರಲ್ಲಿ ಆರ್ಡ್ನೆನ್ಸ್ ಸರ್ವೆಯೂ ತನ್ನ ಡೇಟಾದಲ್ಲಿ ಒಂದಷ್ಟನ್ನು ಮುಕ್ತವಾಗಿ ಬಿಟ್ಟಿತು. ಅಮೆರಿಕದ ಕಥೆ ಉಲ್ಟಾ. ಅಲ್ಲಿನ ಜನಗಣತಿ ಇಲಾಖೆಯ ರಸ್ತೆ ಡೇಟಾ ಮೊದಲಿಂದಲೂ ಮುಕ್ತ, 2007-08ರಲ್ಲಿ ಅದನ್ನು ಹಾಗೇ ಇದಕ್ಕೆ ತುಂಬಿದರು, ಆಮೇಲೆ ನೋಡಿದರೆ ಎಷ್ಟೋ ರಸ್ತೆಗಳು ಪಕ್ಕಕ್ಕೆ ಸರಿದಿದ್ದವು, ಅದನ್ನೆಲ್ಲ ತಿದ್ದಲು ಸ್ವಯಂಸೇವಕರಿಗೆ ವರ್ಷಗಟ್ಟಲೆ ಹಿಡಿಯಿತು. ಸರ್ಕಾರ ಡೇಟಾ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಾರಿಯಲ್ಲಿ ದಿನಾ ಓಡಾಡುವವರು ನೋಡಿ ತಿದ್ದಿದರೇ ಅದು ನಂಬುವಂಥ ನಕ್ಷೆ ಆಗೋದು, ಅಲ್ವಾ?

ತಿದ್ದುವುದು ಕಷ್ಟವಾ? ಆಂಡ್ರಾಯ್ಡ್ ಫೋನ್ ಇದ್ದರೆ ಸ್ಟ್ರೀಟ್‌ಕಂಪ್ಲೀಟ್ ಆ್ಯಪ್‌ನಿಂದ ಶುರು ಮಾಡಿ. ನೀವು ನಿಂತ ಜಾಗದ ಸುತ್ತ ಏನೇನು ಗೊತ್ತಿಲ್ಲವೋ ಅದನ್ನೇ ಪ್ರಶ್ನೆ ಮಾಡಿ ಕೇಳುತ್ತದೆ. ಈ ರಸ್ತೆ ಡಾಂಬರಾ, ಮಣ್ಣಾ? ಈ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇದೆಯಾ? ನಾನು ಮೊದಲ ದಿನ ಉತ್ತರ ಕೊಟ್ಟಿದ್ದು ಒಂದು ಮೆಟ್ಟಿಲ ದಾರಿಗೆ. ಹತ್ತುತ್ತಾ ಎಣಿಸಿದೆ, 23 ಮೆಟ್ಟಿಲು, ಕಂಬಿ ಇಲ್ಲ.

ಆಮೇಲೆ ಧೈರ್ಯ ಬಂದು ಕಂಪ್ಯೂಟರ್‌ನಲ್ಲಿ ಉಪಗ್ರಹ ಚಿತ್ರ ನೋಡಿಕೊಂಡು ಒಂದಿಡೀ ಓಣಿ ಗೆರೆ ಎಳೆದೆ. ಮಾರನೇ ದಿನ ಪರಿಚಯವೇ ಇಲ್ಲದ ಒಬ್ಬರ ಸಂದೇಶ ಬಂತು. ಚಿತ್ರವೇ ಕೆಲವು ಮೀಟರ್ ಸರಿದಿರುತ್ತದೆ, ಓಡಾಡಿದವರ ಜಿಪಿಎಸ್ ಜಾಡಿನ ಜೊತೆ ಹೊಂದಿಸಿಕೊಂಡು ಗೆರೆ ಎಳೆಯಿರಿ ಅಂತ ಸಮಾಧಾನವಾಗಿ ಬಿಡಿಸಿ ಹೇಳಿದ್ದರು. ಹೊಸಬರು ಅನ್ನುವ ತಾತ್ಸಾರ ಇರಲಿಲ್ಲ. ಸುಮ್ನೆ ಅಳಿಸಿಹಾಕಬಹುದಿತ್ತು, ಅಷ್ಟು ಹೊತ್ತು ಕೂತು ಬರೆದರಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ನೀವೂ ಒಂದು ನೆನಪಿಡಿ, ಬೇರೆ ಕಂಪನಿಯ ನಕ್ಷೆ ನೋಡಿ ಇದಕ್ಕೆ ನಕಲು ಮಾಡುವಂತಿಲ್ಲ. ಕಾಪಿರೈಟ್ ಇರುತ್ತದೆ.

ಇನ್ನು ಡೇಟಾ. ಇಡೀ ಪ್ರಪಂಚದ್ದು ಒಂದೇ ಫೈಲ್‌ನಲ್ಲಿ ಪುಕ್ಕಟೆ ಸಿಗುತ್ತದೆ, ವಾರಕ್ಕೊಮ್ಮೆ ಹೊಸದು ಬರುತ್ತದೆ. ವ್ಯಾಪಾರಕ್ಕೂ ಬಳಸಬಹುದು, ಓಪನ್‌ಸ್ಟ್ರೀಟ್‌ಮ್ಯಾಪ್‌ನ ಹೆಸರು ಹಾಕಬೇಕು, ಆ ಡೇಟಾವನ್ನೇ ಬೆಳೆಸಿ ಹಂಚಿದರೆ ಅದನ್ನೂ ಹೀಗೇ ಮುಕ್ತವಾಗಿ ಬಿಡಬೇಕು. 2010ರ ಹೈಟಿ ಭೂಕಂಪದಲ್ಲಿ ಇದರ ಬೆಲೆ ಗೊತ್ತಾಯಿತು. ಎಲ್ಲೆಲ್ಲೋ ಕೂತ ಜನ ಉಪಗ್ರಹ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ರಸ್ತೆಗಳನ್ನು ತುಂಬಿದರು, ರಕ್ಷಣಾ ತಂಡಗಳು ಅದನ್ನೇ ಬಳಸಿದವು.

ಮೊನ್ನೆ ನನ್ನ ಆ 23 ಮೆಟ್ಟಿಲು ಮತ್ತೆ ತೆರೆದು ನೋಡಿದೆ. ಪಕ್ಕದಲ್ಲೇ ಒಂದು ಇಳಿಜಾರು ದಾರಿ ಬಂದಿದೆ. ವೀಲ್‌ಚೇರ್ ಹೋಗುತ್ತದೆ ಅಂತ ಯಾರೋ ಗುರುತು ಹಾಕಿದ್ದಾರೆ.