ಡಯಾನಾ ಮಾಡೆಲ್ 27: ಹಳೆಯ ಏರ್ ರೈಫಲ್ ಅಂದರೆ ಮೊದಲು ಇದು

ಹಳೆಯ ಏರ್ ರೈಫಲ್ ಕೂಡಿಡಬೇಕು, ಯಾವುದರಿಂದ ಶುರು ಮಾಡಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಡಯಾನಾ ಮಾಡೆಲ್ 27. ಇದಕ್ಕಿಂತ ಜೋರಾಗಿ ಹೊಡೆಯುವ ಗನ್ನುಗಳಿವೆ. ಇದಕ್ಕಿಂತ ಅಪರೂಪದವೂ ಬೇಕಾದಷ್ಟಿವೆ. ಆದರೆ ಕೈಗೆತ್ತಿಕೊಂಡ ಕೂಡಲೇ ಇಷ್ಟವಾಗುವುದು, ಕೆಟ್ಟರೆ ಬಿಚ್ಚಿ ಸರಿ ಮಾಡಿ ಮತ್ತೆ ಮೊದಲಿನ ಹಾಗೇ ಹೊಡೆಯಬಹುದಾದದ್ದು ಇದು. ಇದನ್ನು ಮಾಡಿದವರು ರಿಪೇರಿ ಮಾಡುವವನನ್ನೂ ಮನಸ್ಸಿನಲ್ಲಿಟ್ಟುಕೊಂಡಿದ್ದರು ಅಂತ ಒಳಗೆ ನೋಡಿದರೆ ಗೊತ್ತಾಗುತ್ತದೆ.

ಜರ್ಮನಿಯ ರಾಸ್ಟಾಟ್‌ನಲ್ಲಿ 1890ರಲ್ಲಿ ಶುರುವಾದ ಮೇಯರ್ ಅಂಡ್ ಗ್ರಾಮೆಲ್ಸ್‌ಪಾಖರ್ ಕಂಪನಿಯ ಗನ್ನು ಇದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇವರ ಯಂತ್ರಗಳೂ ಡಯಾನಾ ಅನ್ನುವ ಹೆಸರೂ ಬ್ರಿಟನ್ನಿನ ಮಿಲ್‌ಬ್ರೋ ಕಂಪನಿಯ ಪಾಲಾದವು. ಹಾಗಾಗಿ ಜರ್ಮನಿಯಲ್ಲಿ ಕೆಲಸ ಮತ್ತೆ ಶುರುವಾದಾಗ ಬ್ರಿಟನ್ನಿಗೆ ಹೋಗುವ ಗನ್ನಿನ ಮೇಲೆ 'ಒರಿಜಿನಲ್' ಅಂತ ಹಾಕಬೇಕಾಯಿತು. ಅಮೆರಿಕದಲ್ಲಿ ಇದೇ ಗನ್ನಿನ ಹೆಸರು ಹೈ-ಸ್ಕೋರ್ 807 ಆಯಿತು, ವಿಂಚೆಸ್ಟರ್ 427 ಕೂಡ ಆಯಿತು. ಡಯಾನಾ ಅಂತ ಬರೆದಿಲ್ಲ ಅಂತ ಇವನ್ನು ಕೈಬಿಡಬೇಡಿ, ಒಳಗಿರುವುದು ಅದೇ ಯಂತ್ರ.

ಹೆಸರಿರುವ ಗನ್ನಿನಲ್ಲಿ ಆ ಮುದ್ರೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ಬೇಟೆಯ ದೇವತೆ ಡಯಾನಾ ಏರ್ ರೈಫಲನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ, ಬಿಲ್ಲು ಬಾಣ ಬಿಸಾಡಿದ್ದಾಳೆ. ಎಷ್ಟು ಧೈರ್ಯದ ಜಾಹೀರಾತು ಅಲ್ವಾ! ಸ್ಪ್ರಿಂಗ್ ಇರುವ ಕೊಳವೆಯ ಹಿಂಭಾಗದಲ್ಲಿ, ಗನ್ನಿನ ಮರದ ಭಾಗ ಸೇರುವ ಕಡೆ, ಸಣ್ಣ ಅಂಕೆಗಳಲ್ಲಿ ತಯಾರಾದ ತಿಂಗಳು ಮತ್ತು ವರ್ಷ ಒತ್ತಿರುತ್ತಾರೆ. 04 ಮತ್ತು 79 ಅಂತಿದ್ದರೆ 1979ರ ಏಪ್ರಿಲ್. ಮಾರುವವರು ಎಷ್ಟು ಹಳೆಯದು ಅಂತ ಏನೇ ಹೇಳಲಿ, ನೀವು ಇದನ್ನು ಓದಿಕೊಳ್ಳಿ.

ಈಗ ಟ್ರಿಗರ್. ನನಗೆ ಈ ಗನ್ನಿನ ಹುಚ್ಚು ಹಿಡಿಸಿದ್ದೇ ಇದು. ಮಾಮೂಲಿ ಗನ್ನಿನಲ್ಲಿ ಸ್ಪ್ರಿಂಗಿನ ಬಲದಿಂದ ಮುಂದೆ ನುಗ್ಗಿ ಗಾಳಿ ಒತ್ತುವ ಪಿಸ್ಟನ್ನನ್ನು ಒಂದು ಕೊಕ್ಕೆ ಹಿಡಿದುಕೊಂಡಿರುತ್ತದೆ, ಸ್ಪ್ರಿಂಗಿನ ಅಷ್ಟೂ ಒತ್ತಡ ಆ ಕೊಕ್ಕೆಯ ಅಂಚಿನ ಮೇಲೆ. ಅದನ್ನು ಜಾರಿಸಲು ಬೆರಳು ಗಟ್ಟಿಯಾಗಿ ಎಳೆಯಬೇಕು. ಇಲ್ಲಿ ಹಾಗಲ್ಲ. ಪಿಸ್ಟನ್ನಿನ ದಂಡದ ತುದಿಯನ್ನು ಗೋಲಿಯಂಥ ಮೂರು ಉಕ್ಕಿನ ಗುಂಡುಗಳು ಸುತ್ತಲಿಂದ ಹಿಡಿದಿರುತ್ತವೆ, ಆ ಗುಂಡುಗಳು ಹೊರಗೆ ಜಾರದ ಹಾಗೆ ಸುತ್ತಲೂ ಬಳೆಯಂಥ ಒಂದು ಕವಚ ಒತ್ತಿಕೊಂಡಿರುತ್ತದೆ. ಟ್ರಿಗರ್ ಎಳೆದರೆ ಕವಚ ಸರಿಯುತ್ತದೆ, ಗುಂಡುಗಳು ಪಕ್ಕಕ್ಕೆ ಹೋಗುತ್ತವೆ, ಪಿಸ್ಟನ್ ಬಿಡುಗಡೆ. ಭಾರ ಮೂರು ಕಡೆ ಹಂಚಿಹೋಗುವುದರಿಂದ ಬೆರಳಿಗೆ ಕೆಲಸ ಕಡಿಮೆ. ಮೊದಲು ಸಲೀಸಾಗಿ ಸ್ವಲ್ಪ ದೂರ ಬರುತ್ತದೆ, ಒಂದು ಕಡೆ ನಿಲ್ಲುತ್ತದೆ, ಅಲ್ಲಿಂದ ಚೂರು ಒತ್ತಿದರೆ ಸಾಕು. ಆ ನಿಲ್ಲುವ ಜಾಗ ಪ್ರತಿ ಸಲವೂ ಒಂದೇ. ಇವತ್ತು ಹೊಸದಾಗಿ ಬರುವ ಎಷ್ಟೋ ಗನ್ನುಗಳಲ್ಲಿ ಈ ಸುಖ ಇಲ್ಲ.

ಗನ್ನು ಹಗುರ. ನಳಿಗೆಯನ್ನು ಕೀಲಿನ ಹತ್ತಿರ ಕೆಳಕ್ಕೆ ಬಗ್ಗಿಸಿ ಸ್ಪ್ರಿಂಗ್ ಎಳೆಯುವುದೂ ಸುಲಭ, ಮಧ್ಯಾಹ್ನ ಪೂರ್ತಿ ಹೊಡೆದರೂ ತೋಳು ನೋಯುವುದಿಲ್ಲ. 4.5 ಮತ್ತು 5.5 ಮಿಲಿಮೀಟರ್ ಎರಡೂ ನಳಿಗೆ ಅಳತೆಯಲ್ಲಿ ಸಿಗುತ್ತದೆ. 5.5ರಲ್ಲಿ ಪೆಲೆಟ್, ಅಂದರೆ ಇದರಲ್ಲಿ ಹೊಡೆಯುವ ಸಣ್ಣ ಸೀಸದ ಗುಂಡು, ಸೆಕೆಂಡಿಗೆ ಹೆಚ್ಚುಕಡಿಮೆ 140 ಮೀಟರ್ ವೇಗದಲ್ಲಿ ಹೋಗುತ್ತದೆ, ಈಗಿನ ಲೆಕ್ಕಕ್ಕೆ ನಿಧಾನವೇ. ಹತ್ತು ಹದಿನೈದು ಮೀಟರಿನ ಕಾಗದದ ಗುರಿಗೆ ಅಷ್ಟು ಧಾರಾಳ ಸಾಕು. ಒಂದು ಮಾತು ನೆನಪಿರಲಿ, ಇದನ್ನು ಬಿಗಿಯಾಗಿ ಹಿಡಿಯಬಾರದು. ಮುಂದಿನ ಮರವನ್ನು ತೆರೆದ ಅಂಗೈ ಮೇಲೆ ಸುಮ್ನೆ ಇಟ್ಟುಕೊಳ್ಳಿ, ಗನ್ನು ತನಗೆ ಬೇಕಾದ ಹಾಗೆ ಅಲುಗಲಿ. ಬಿಗಿ ಹಿಡಿದಷ್ಟೂ ಪೆಲೆಟ್‌ಗಳು ಚದುರುತ್ತವೆ.

ಕಷ್ಟಗಳೂ ಇವೆ. ಸೇಫ್ಟಿ ಲಾಕ್ ಇಲ್ಲ, ಹಾಗಾಗಿ ಸ್ಪ್ರಿಂಗ್ ಎಳೆದ ಮೇಲೆ ಬೆರಳು ಎಲ್ಲಿದೆ ಅನ್ನುವುದು ಪೂರ್ತಿ ನಿಮ್ಮ ಜವಾಬ್ದಾರಿ, ಮಕ್ಕಳ ಕೈಗೆ ಕೊಡುವ ಮುಂಚೆ ಇದನ್ನು ಯೋಚಿಸಿ. ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪ್, ಕೂರಿಸುವ ಆಸೆ ಇದ್ದರೆ ಬೇರೆ ಗನ್ನು ನೋಡಿ. ಪಿಸ್ಟನ್ನಿನ ಮುಂದೆ ಇರುವುದು ಚರ್ಮದ ವಾಷರ್, ಒಣಗಿದರೆ ಗಾಳಿ ಸೋರಿ ಹೊಡೆತ ಸತ್ತುಹೋಗುತ್ತದೆ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಗನ್ನಿಗೆ ನಳಿಗೆ ಬಗ್ಗಿಸಿದಾಗ ಕಾಣುವ ಗಾಳಿಯ ತೂತಿಗೆ ಕೆಲವು ಹನಿ ಎಣ್ಣೆ ಬಿಟ್ಟು, ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿದರೆ ಬಹಳ ಸಲ ಜೀವ ಬರುತ್ತದೆ. ಜಾಸ್ತಿ ಸುರಿದರೆ ಒಳಗಿನ ಎಣ್ಣೆ ಒತ್ತಡದ ಬಿಸಿಗೆ ಹೊತ್ತಿಕೊಂಡು ಹೊಗೆ ಬರುತ್ತದೆ, ಢಂ ಅನ್ನುತ್ತದೆ, ಅದು ಸ್ಪ್ರಿಂಗಿಗೂ ಒಳ್ಳೆಯದಲ್ಲ. ಪೆಲೆಟ್ ಇಲ್ಲದೆ ಹೊಡೆಯುವುದಂತೂ ಬೇಡವೇ ಬೇಡ, ತಡೆಯಲು ಗಾಳಿಯ ಮೆತ್ತೆ ಇಲ್ಲದೆ ಪಿಸ್ಟನ್ ಹೋಗಿ ಕೊಳವೆಯ ತುದಿಗೆ ಬಡಿಯುತ್ತದೆ.

ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ. ನಳಿಗೆ ಬಗ್ಗಿಸಿ ಸ್ಪ್ರಿಂಗ್ ಎಳೆದ ಮೇಲೆ ನಳಿಗೆಯನ್ನು ಅರ್ಧಕ್ಕೆ ಬಿಟ್ಟು ನೋಡಿ, ಬಿಟ್ಟಲ್ಲೇ ನಿಂತರೆ ಕೀಲು ಬಿಗಿಯಾಗಿದೆ, ಜೋತು ಬಿದ್ದರೆ ಸಡಿಲ. ಮುಚ್ಚಿದ ಮೇಲೆ ನಳಿಗೆ ನೇರ ಇದೆಯಾ ನೋಡಿ. ಯಾರೋ ನಳಿಗೆ ತೆರೆದಿರುವಾಗಲೇ ಟ್ರಿಗರ್ ಎಳೆದಿದ್ದರೆ ಅದು ರಪ್ಪನೆ ಮುಚ್ಚಿಕೊಂಡು ಮೇಲಕ್ಕೆ ಬಾಗಿರುತ್ತದೆ, ಮರವೂ ಸೀಳಿರಬಹುದು. ತಿರುಪುಗಳ ತಲೆ ಕಿತ್ತುಹೋಗಿದ್ದರೆ ಒಳಗೂ ಯಾರೋ ಕೈಯಾಡಿಸಿದ್ದಾರೆ ಅಂತ ಅರ್ಥ.

ದಯವಿಟ್ಟು ಹಳೆಯ ಬಣ್ಣ ಉಜ್ಜಿ ಹೊಸ ಬಣ್ಣ ಹಾಕಬೇಡಿ. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಅಕ್ಷರಗಳ ಅಂಚು ಸವೆದು ದೇವತೆಯ ಮುದ್ರೆ ಮಸುಕಾಗುತ್ತದೆ, ಅದು ಮತ್ತೆ ಬರುವುದಿಲ್ಲ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ತುಕ್ಕು ನಿಲ್ಲಿಸಿ, ಅಷ್ಟು ಸಾಕು. ಸ್ಪ್ರಿಂಗ್, ವಾಷರ್ ಬದಲಿಸುವುದರಲ್ಲಿ ತಪ್ಪಿಲ್ಲ, ಅವು ಸವೆಯಲೆಂದೇ ಇರುವ ಭಾಗಗಳು. ಬಿಚ್ಚುವಾಗ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ಇಲ್ಲದೆ ಮುಂದುವರಿಯಬೇಡಿ, ಆ ಮೂರು ಗುಂಡುಗಳು ಉರುಳಿ ಹೋಗದ ಹಾಗೆ ಕೆಳಗೊಂದು ತಟ್ಟೆ ಇಟ್ಟುಕೊಳ್ಳಿ. ಮತ್ತೆ ಜೋಡಿಸುವಾಗ ಗುಂಡುಗಳಿಗೆ ಗ್ರೀಸ್ ಹಚ್ಚಿದರೆ ಅಂಟಿಕೊಂಡು ಕೂರುತ್ತವೆ.

ಇನ್ನೊಂದು ಜರ್ಮನ್ ಏರ್ ರೈಫಲ್ ವೈರಾಖ್ ಎಚ್‌ಡಬ್ಲ್ಯೂ 35 ತಗೊಳ್ಳಬಾರದಾ ಅಂತ ಕೇಳುವವರಿದ್ದಾರೆ. ಅದರ 'ರೆಕಾರ್ಡ್' ಅನ್ನುವ ಟ್ರಿಗರ್ ನಿಜಕ್ಕೂ ಅದ್ಭುತ, ಆದರೆ ಗನ್ನು ಭಾರ. ಹೊಡೆದಾಗ ಇಡೀ ಯಂತ್ರವೇ ಹಳಿಯ ಮೇಲೆ ಹಿಂದಕ್ಕೆ ಸರಿದು ಒದೆತವೇ ಗೊತ್ತಾಗದ ಫೈನ್‌ವೆರ್ಕ್‌ಬಾವ್ 300ಎಸ್ ಇನ್ನೂ ಮೇಲಿನ ಮಟ್ಟದ್ದು, ಅದು ಸ್ಪರ್ಧೆಗೆಂದೇ ಮಾಡಿದ ಗನ್ನು, ಐದು ಕಿಲೋ ಹತ್ತಿರ ತೂಗುತ್ತದೆ. ಅದನ್ನು ಎರಡನೆಯದಾಗಿ ತಗೊಳ್ಳಿ. ಮೊದಲನೆಯದಕ್ಕೆ 27, ಅದರಲ್ಲೂ ಬಣ್ಣ ಮಾಸಿದ್ದರೂ ಯಾರೂ ಬಿಚ್ಚದೆ ಇದ್ದದ್ದು.