ಕ್ಯಾನ್ವಾಸ್ ಹುಡ್‌ಗೆ ತೇಪೆ ಕಿಟ್: ಬಿಸಿಲು, ಮಳೆ ಎರಡನ್ನೂ ಕಂಡ ಮೇಲಿನ ಅಭಿಪ್ರಾಯ

ನನ್ನ ಹಳೆಯ ಜೀಪಿನ ಕ್ಯಾನ್ವಾಸ್ ಹುಡ್‌ಗೆ, ಅಂದರೆ ಬಟ್ಟೆಯ ಮೇಲ್ಛಾವಣಿಗೆ, ಈ ಕಿಟ್ ಬಳಸಲು ಶುರು ಮಾಡಿ ವರ್ಷಗಳೇ ಆದವು. ಒಳಗೆ ಇರುವುದು ಇಷ್ಟೇ: ದಪ್ಪ ಹತ್ತಿ ಕ್ಯಾನ್ವಾಸ್ ತುಂಡು, ಕಾಂಟ್ಯಾಕ್ಟ್ ಅಂಟಿನ ಟ್ಯೂಬ್, ಬಾಗಿದ ಸೂಜಿ, ಪಾಲಿಯೆಸ್ಟರ್ ದಾರ, ಹೊಲಿಗೆ ಮೇಲೆ ಬಳಿಯುವ ಸೀಲರ್, ಜೊತೆಗೆ ಹಿಂಬದಿ ಕಾಗದ ಕಿತ್ತು ಅಂಟಿಸುವ ಟೇಪ್. ಬಟ್ಟೆ, ಅಂಟು, ದಾರ ಮೂರೂ ಬಹಳ ಚೆನ್ನಾಗಿವೆ. ಟೇಪ್ ಮಾತ್ರ ಅಷ್ಟಕ್ಕಷ್ಟೇ.

ಟೇಪ್ ಹಚ್ಚಿದ ದಿನ ನೀಟಾಗಿ ಕೂರುತ್ತದೆ. ಬಿಸಿಲಿಗೆ ಅದರ ಅಂಟು ಮೆತ್ತಗಾಗಿ ಅಂಚಿನಿಂದ ಜಿನುಗುತ್ತದೆ, ಧೂಳು ಮೆತ್ತಿ ಸುತ್ತಲೂ ಕಪ್ಪು ಗೆರೆ ಕಟ್ಟುತ್ತದೆ. ವೇಗವಾಗಿ ಹೋಗುವಾಗ ಹುಡ್ ಮೇಲಕ್ಕೆ ಉಬ್ಬುತ್ತದೆ ಅಲ್ವಾ, ಆ ಎಳೆತಕ್ಕೆ ಮೂಲೆ ಏಳುತ್ತದೆ. ದಾರಿಯಲ್ಲಿ ಹರಿದರೆ ಮನೆ ಸೇರುವವರೆಗೆ ಸಾಕು, ಅದಕ್ಕಿಂತ ಜಾಸ್ತಿ ನಂಬಬೇಡಿ.

ನಿಜವಾದ ಕೆಲಸ ಅಂಟು ಮತ್ತು ಬಟ್ಟೆಯದು. ತೂತಿನ ಸುತ್ತ ಒಣ ಬ್ರಷ್‌ನಿಂದ ಧೂಳು ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಲು ಬಿಡಬೇಕು. ಕಿತ್ತುಬಂದ ಎಳೆಗಳನ್ನು ಕತ್ತರಿಸಿ. ತೇಪೆಯನ್ನು ತೂತಿಗಿಂತ ಎಲ್ಲ ಕಡೆ 3 ಸೆಂ.ಮೀ. ದೊಡ್ಡದಾಗಿ, ಮೂಲೆಗಳು ದುಂಡಗಿರುವಂತೆ ಕತ್ತರಿಸಿ. ಚೂಪು ಮೂಲೆಯೇ ಮೊದಲು ಏಳುವುದು. ಅಂಟನ್ನು ಎರಡೂ ಕಡೆ ಬಳಿಯಬೇಕು. ಹತ್ತಿ ಮೊದಲ ಕೋಟನ್ನು ಕುಡಿದುಬಿಡುತ್ತದೆ, ಹಾಗಾಗಿ ಅದು ಒಣಗಿದ ಮೇಲೆ ಇನ್ನೊಂದು ಕೋಟ್ ಬೇಕೇ ಬೇಕು. ಬೆರಳ ಗೆಣ್ಣು ಮುಟ್ಟಿಸಿದರೆ ಅಂಟು ಕೈಗೆ ಬರಬಾರದು, ಆಗ ಕೂರಿಸಿ. ಒಮ್ಮೆ ತಾಗಿದರೆ ಸರಿಸಲು ಆಗುವುದಿಲ್ಲ, ಆದ್ದರಿಂದ ಮೊದಲೇ ಪೆನ್ಸಿಲ್ ಗುರುತು ಹಾಕಿಕೊಂಡಿರಿ. ನಡುವಿನಿಂದ ಅಂಚಿನ ಕಡೆಗೆ ಗಾಜಿನ ಬಾಟಲಿ ಉರುಳಿಸಿ ಒತ್ತಿ. ನಾನು ಒಳಗಿನಿಂದ ದೊಡ್ಡ ತೇಪೆ, ಹೊರಗಿನಿಂದ ಚಿಕ್ಕದು ಹಾಕಿ ಅಂಚಿಗೆ ಹೊಲಿಗೆ ಹಾಕುತ್ತೇನೆ. ಸೂಜಿ ಚುಚ್ಚಿದಲ್ಲೆಲ್ಲ ಹೊಸ ತೂತು ಬೀಳುವುದರಿಂದ ಸೀಲರ್ ಬಿಡಬೇಡಿ. ದಾರ ಮುಗಿದರೆ ಪಾಲಿಯೆಸ್ಟರ್‌ನದೇ ತನ್ನಿ. ಹತ್ತಿ ದಾರ ತೇವಕ್ಕೆ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಬೇಗ ಸೋಲುತ್ತದೆ.

ಹೀಗೆ ಹಾಕಿದ ತೇಪೆಗಳು ಇಂದಿಗೂ ಅಲುಗಾಡಿಲ್ಲ. ಒಂದೇ ಒಂದು ಕಡೆ ಮತ್ತೆ ತೂತು ಬಿತ್ತು, ಅದೂ ತೇಪೆಯ ಮೇಲೆಯೇ. ಕಾರಣ ಅಂಟಲ್ಲ, ಕೆಳಗೆ ಹುಡ್ ಎತ್ತಿ ಹಿಡಿಯುವ ಕಮಾನು ಪೈಪ್. ಅದರ ಬೋಲ್ಟ್ ತಲೆ ಬಟ್ಟೆಗೆ ಉಜ್ಜುತ್ತಿತ್ತು. ಹುಡ್‌ನಲ್ಲಿ ತೂತು ಬೀಳುವುದು ಹೆಚ್ಚಾಗಿ ಪೈಪ್ ತಾಗುವಲ್ಲಿ, ಇಲ್ಲವೇ ಮಡಚುವ ಗೆರೆಯಲ್ಲಿ. ಪೈಪ್‌ಗೆ ನಯವಾದ ವೆಬ್ಬಿಂಗ್ ಪಟ್ಟಿ (ಬ್ಯಾಗಿನ ಬೆಲ್ಟ್‌ನಂಥ ನೇಯ್ದ ಪಟ್ಟಿ) ಸುತ್ತಿದ ಮೇಲೆ ಆ ಜಾಗ ಸುಮ್ಮನಾಯಿತು. ಇಂಥ ಪಟ್ಟಿ ಕಿಟ್‌ನಲ್ಲೇ ಇರಬೇಕಿತ್ತು.

ಇನ್ನೊಂದು ಕೊರತೆ ನನಗೆ ನಿಜಕ್ಕೂ ಬೇಸರ ತಂದಿದೆ. ಯಾವ ಬಟ್ಟೆಗೆ ಎಂದು ಪೆಟ್ಟಿಗೆಯ ಮೇಲೆ ಸ್ಪಷ್ಟವಾಗಿ ಬರೆದಿಲ್ಲ. ಪಿವಿಸಿ ಲೇಪನದ ಹುಡ್‌ಗೆ ಈ ಅಂಟು ಬೇಡ. ಪಿವಿಸಿಯನ್ನು ಮೆತ್ತಗಿಡಲು ಸೇರಿಸಿದ ಪದಾರ್ಥ ನಿಧಾನವಾಗಿ ಹೊರಬಂದು ಸಾಮಾನ್ಯ ಅಂಟನ್ನು ಕರಗಿಸುತ್ತದೆ, ತೇಪೆ ಜಾರುತ್ತದೆ. ಅದಕ್ಕೆ ವಿನೈಲ್ ಸಿಮೆಂಟ್ ಎಂಬ ಪಿವಿಸಿಯ ಅಂಟೇ ಬೇಕು. ಯಾವ ಹುಡ್ ಆದರೂ ತೂತಿಗೆ ಸಿಲಿಕೋನ್ ಮಾತ್ರ ತುಂಬಬೇಡಿ, ದಯವಿಟ್ಟು. ಅದು ಹತ್ತಿದ ಜಾಗಕ್ಕೆ ಆಮೇಲೆ ಬೇರೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ.

ತೇಪೆಯ ಹೊಸ ಬಟ್ಟೆ ನೀರು ಕುಡಿಯುತ್ತದೆ. ಕೆಲಸ ಮುಗಿದ ಮೇಲೆ ಆ ಭಾಗಕ್ಕೆ ಜಲನಿರೋಧಕ ಹಚ್ಚಿ. ಹುಡ್ ತೊಳೆಯಲು ಬಟ್ಟೆ ಸೋಪಿನ ಪುಡಿ ಬೇಡ, ಅದರ ಅಂಶ ಉಳಿದರೆ ಕ್ಯಾನ್ವಾಸ್ ನೀರನ್ನು ಎಳೆದುಕೊಳ್ಳುತ್ತದೆ. ಒದ್ದೆ ಹುಡ್ ಮಡಚಿಟ್ಟರೆ ಬೂಷ್ಟು ಖಂಡಿತ.

ಕಿಟ್ ಕೊಳ್ಳುವ ಮೊದಲು ತೂತಿನ ಪಕ್ಕದ ಬಟ್ಟೆಯನ್ನು ಎರಡು ಹೆಬ್ಬೆರಳಿನಿಂದ ಎಳೆದು ನೋಡಿ. ಹಳೇ ಕಾಗದದಂತೆ ಪರ್ರನೆ ಹರಿದರೆ ದುಡ್ಡು ಹಾಕಬೇಡಿ, ತೇಪೆಯ ಅಂಚಿನಲ್ಲೇ ಮತ್ತೆ ಹರಿಯುತ್ತದೆ. ನನ್ನ ಹುಡ್‌ನ ಹಿಂದಿನ ಕಿಟಕಿಯ ಪಕ್ಕ ಈಗ ಆ ಸ್ಥಿತಿಗೆ ಬಂದಿದೆ. ಅಲ್ಲಿ ತೇಪೆ ಹಾಕುವುದಿಲ್ಲ, ಆ ಭಾಗವನ್ನಷ್ಟೇ ಬಿಚ್ಚಿಸಿ ಹೊಸ ಬಟ್ಟೆ ಹೊಲಿಸುತ್ತೇನೆ.